ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳಲ್ಲಿ ಫಂಕ್ಷನ್ ರಫ್ತು

ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಫೈಲಿನೊಳಗೆ ಬರೆದ ಫಂಕ್ಷನ್ ಬೇರೆ ಫೈಲುಗಳಿಗೂ ಸಿಗುವಂತೆ ಹೆಸರಿಟ್ಟು ಹೊರಗೆ ಕೊಡುವುದು ಫಂಕ್ಷನ್ ರಫ್ತು. ಪ್ರೋಗ್ರಾಮರ್‌ಗಳ ಮಾತಿನಲ್ಲಿ ಇದು ‘ಎಕ್ಸ್‌ಪೋರ್ಟ್ ಮಾಡುವುದು’. ಹಾಗೆ ಕೊಟ್ಟದ್ದನ್ನು ಇನ್ನೊಂದು ಫೈಲು ತರಿಸಿಕೊಂಡರೆ ಅದು ‘ಇಂಪೋರ್ಟ್ ಮಾಡುವುದು’. ಕೊಡುವ ಕೊಳ್ಳುವ ಈ ಗಡಿಯುಳ್ಳ ಫೈಲಿಗೆ ಮಾಡ್ಯೂಲ್ ಎನ್ನುತ್ತಾರೆ. ರಫ್ತಾಗದೆ ಉಳಿದ ಫಂಕ್ಷನ್‌ಗಳು ಆ ಫೈಲಿನ ಮನೆವಾರ್ತೆ. ಹೊರಗಿನವರಿಗೆ ಅವು ಕಾಣುವುದಿಲ್ಲ.

ಸಾಲದ ಲೆಕ್ಕ ಮಾಡುವ ಒಂದು ಫೈಲಿದೆ ಎಂದುಕೊಳ್ಳೋಣ. ಅದರಲ್ಲಿ ಸರಳಬಡ್ಡಿ, ಚಕ್ರಬಡ್ಡಿ, ಕೊನೆಕಂತು ಎಂಬ ಮೂರು ಫಂಕ್ಷನ್‌ಗಳಿವೆ. ಮೂರಕ್ಕೂ ಬೇಕಾಗುವ ದಿನಲೆಕ್ಕ ಎಂಬ ನಾಲ್ಕನೆಯದೂ ಇದೆ. ಮೊದಲ ಮೂರನ್ನು ರಫ್ತು ಮಾಡಿ ದಿನಲೆಕ್ಕವನ್ನು ಒಳಗೇ ಇಟ್ಟುಕೊಂಡರೆ, ಮುಂದೆ ವರ್ಷಕ್ಕೆ 365 ದಿನ ಎಂಬ ಲೆಕ್ಕ ಸಾಲದೆ ಅಧಿಕ ವರ್ಷದ 366 ದಿನವನ್ನೂ ಹಿಡಿಯಬೇಕಾಗಿ ಬಂದಾಗ ಅದನ್ನು ತಿದ್ದಬಹುದು, ಅದರ ಹೆಸರು ಬದಲಿಸಬಹುದು, ಬೇಡವೆನಿಸಿದರೆ ಕಿತ್ತುಹಾಕಲೂಬಹುದು. ನಾಲ್ಕನ್ನೂ ರಫ್ತು ಮಾಡಿದ್ದರೆ ಆ ಸ್ವಾತಂತ್ರ್ಯವಿಲ್ಲ. ಯಾರೋ ಎಲ್ಲೋ ದಿನಲೆಕ್ಕವನ್ನೇ ನೆಚ್ಚಿಕೊಂಡು ತಮ್ಮ ಕೋಡ್ ಬರೆದಿರುತ್ತಾರೆ. ರಫ್ತು ಕೊಟ್ಟ ಮಾತಿನಂತೆ: ಕಡಿಮೆ ಕೊಟ್ಟವರಿಗೆ ಉಳಿಸಿಕೊಳ್ಳುವುದು ಸುಲಭ. ಹಾಗಾಗಿ ಒಂದು ಮಾಡ್ಯೂಲ್ ಏನನ್ನು ರಫ್ತು ಮಾಡುತ್ತದೆ ಎಂಬುದರಷ್ಟೇ, ಏನನ್ನು ಮಾಡುವುದಿಲ್ಲ ಎಂಬುದೂ ಅದರ ವಿನ್ಯಾಸದ ಭಾಗ.

ಈ ವಿಚಾರ ಜಾವಾಸ್ಕ್ರಿಪ್ಟ್‌ಗಿಂತ ಹಳೆಯದು. ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲ್ ತನ್ನೊಳಗೆ ಬಚ್ಚಿಟ್ಟುಕೊಳ್ಳಬೇಕು ಎಂದು ಡೇವಿಡ್ ಪಾರ್ನಸ್ 1972ರ ಪ್ರಬಂಧದಲ್ಲಿ ವಾದಿಸಿದ್ದರು. ಅದೇ ದಶಕದ ಕೊನೆಗೆ ನಿಕ್ಲಾಸ್ ವಿರ್ತ್ ರೂಪಿಸಿದ ಮಾಡ್ಯುಲಾ-2 ಭಾಷೆಯಲ್ಲಿ ಹೊರಗೆ ಕಾಣುವ ಹೆಸರುಗಳನ್ನು ಬೇರೆಯಾಗಿಯೇ ಬರೆದು ತೋರಿಸುವ ಕ್ರಮವಿತ್ತು. ಈ ಪಾಠವೆಲ್ಲ ಕಣ್ಣೆದುರಿಗಿದ್ದರೂ ಜಾವಾಸ್ಕ್ರಿಪ್ಟ್ ಅದನ್ನು ಭಾಷೆಯೊಳಗೆ ತಂದುಕೊಂಡದ್ದು ಹುಟ್ಟಿ 20 ವರ್ಷವಾದ ಮೇಲೆ.

ಗಡಿಯಿಲ್ಲದ ಕಾಲ

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ಮಾದರಿ ಬರೆದರು. ವೆಬ್ ಪುಟದಲ್ಲಿ ಒಂದು ಗುಂಡಿ ಒತ್ತಿದಾಗ ಏನಾದರೂ ನಡೆಯಬೇಕು, ಫಾರಂ ತುಂಬಿದವರು ಒಂದು ಅಂಕಣ ಖಾಲಿ ಬಿಟ್ಟರೆ ಎಚ್ಚರಿಸಬೇಕು ಎಂಬಂಥ ಸಣ್ಣ ಕೆಲಸಗಳು ಅದರ ಗುರಿ. ಹತ್ತಿಪ್ಪತ್ತು ಸಾಲಿನ ಕೋಡ್‌ಗೆ ಮಾಡ್ಯೂಲ್ ಏಕೆ ಬೇಕು? ಪುಟಕ್ಕೆ ಸೇರಿಸಿದ ಎಲ್ಲ ಸ್ಕ್ರಿಪ್ಟ್‌ಗಳೂ ವಿಂಡೋ ಎಂಬ ಒಂದೇ ಆಬ್ಜೆಕ್ಟಿನ ಅಂಗಳದಲ್ಲಿ ತಮ್ಮ ಫಂಕ್ಷನ್‌ಗಳನ್ನು ಹರಡುತ್ತಿದ್ದವು. ಅಂದರೆ ಬರೆದದ್ದೆಲ್ಲ ತಾನಾಗಿ ರಫ್ತಾಗುತ್ತಿತ್ತು.

ಪುಟಗಳು ದೊಡ್ಡವಾದಂತೆ ಇದರ ಕಷ್ಟ ಗೊತ್ತಾಯಿತು. ಇಬ್ಬರು ಬರೆದ ಎರಡು ಫೈಲುಗಳಲ್ಲಿ ಒಂದೇ ಹೆಸರಿನ ಫಂಕ್ಷನ್ ಇದ್ದರೆ ನಂತರ ಬಂದದ್ದು ಮೊದಲಿನದನ್ನು ಸದ್ದಿಲ್ಲದೆ ಅಳಿಸುತ್ತಿತ್ತು. ದೋಷಸೂಚನೆಯೇನೂ ಬರುತ್ತಿರಲಿಲ್ಲ. 2005ರ ಪ್ರೋಟೋಟೈಪ್ ಲೈಬ್ರರಿಯೂ 2006ರ ಜೆಕ್ವೆರಿಯೂ ಡಾಲರ್ ಚಿಹ್ನೆಯನ್ನೇ ತಮ್ಮ ಮುಖ್ಯ ಫಂಕ್ಷನ್ನಿನ ಹೆಸರಾಗಿ ಇಟ್ಟುಕೊಂಡಿದ್ದವು. ಎರಡನ್ನೂ ಒಂದೇ ಪುಟದಲ್ಲಿ ಬಳಸುವವರಿಗಾಗಿ ಜೆಕ್ವೆರಿಯಲ್ಲಿ ‘ನೋಕಾನ್‌ಫ್ಲಿಕ್ಟ್’ ಎಂಬ ಫಂಕ್ಷನ್ ಇಡಬೇಕಾಯಿತು. ಅದರ ಕೆಲಸ ಆ ಚಿಹ್ನೆಯನ್ನು ಹಿಂದಿನ ಮಾಲೀಕನಿಗೆ ಬಿಟ್ಟುಕೊಡುವುದು.

ಭಾಷೆ ಕೊಡದ ಗಡಿಯನ್ನು ಪ್ರೋಗ್ರಾಮರ್‌ಗಳು ತಾವೇ ಕಟ್ಟಿಕೊಂಡರು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಫಂಕ್ಷನ್ನಿನೊಳಗೆ ಹುಟ್ಟಿದ ಹೆಸರು ಹೊರಗೆ ಕಾಣುವುದಿಲ್ಲ. ಆದರೆ ಅದರೊಳಗೆ ಹುಟ್ಟಿದ ಇನ್ನೊಂದು ಫಂಕ್ಷನ್ ಹೊರಗೆ ಹೋದ ಮೇಲೂ ಒಳಗಿನ ಹೆಸರುಗಳನ್ನು ಮರೆಯುವುದಿಲ್ಲ. ಕ್ಲೋಶರ್ ಎಂದು ಕರೆಯುವ ಈ ಗುಣವನ್ನು ಹಿಡಿದು ಇಡೀ ಫೈಲನ್ನು ಒಂದು ಹೆಸರಿಲ್ಲದ ಫಂಕ್ಷನ್ನಿನೊಳಗೆ ಸುತ್ತಿ, ಅದನ್ನು ಅಲ್ಲೇ ಒಮ್ಮೆ ಓಡಿಸಿ, ಹೊರಗೆ ಬೇಕಾದ ಫಂಕ್ಷನ್‌ಗಳನ್ನು ಮಾತ್ರ ಒಂದು ಆಬ್ಜೆಕ್ಟಿನಲ್ಲಿಟ್ಟು ಹಿಂದಿರುಗಿಸುವುದು ರೂಢಿಯಾಯಿತು. ನಮ್ಮ ಸಾಲದ ಫೈಲಿನಲ್ಲಾದರೆ ಹಿಂದಿರುಗುವ ಆಬ್ಜೆಕ್ಟಿನಲ್ಲಿ ಸರಳಬಡ್ಡಿ, ಚಕ್ರಬಡ್ಡಿ, ಕೊನೆಕಂತು ಇರುತ್ತವೆ. ದಿನಲೆಕ್ಕ ಇರುವುದಿಲ್ಲ, ಆದರೂ ಅವು ಮೂರೂ ಅದನ್ನು ಕರೆಯಬಲ್ಲವು. ಮಾಡ್ಯೂಲ್ ಪ್ಯಾಟರ್ನ್ ಎಂಬ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮುಖ್ಯರು. ಭಾಷೆಗೆ ಒಂದೇ ಒಂದು ಹೊಸ ಪದ ಸೇರಿಸದೆ, ಇದ್ದ ಫಂಕ್ಷನ್ನಿನಿಂದಲೇ ಗೋಡೆ ಎಬ್ಬಿಸಿದ ಜಾಣ್ಮೆ ಇದು. ಆದರೆ ಹಿಂದಿರುಗಿದ ಆಬ್ಜೆಕ್ಟಿಗೂ ಒಂದು ಜಾಗತಿಕ ಹೆಸರು ಬೇಕಿತ್ತು. ಯಾವ ಸ್ಕ್ರಿಪ್ಟ್ ಮೊದಲು, ಯಾವುದು ಆಮೇಲೆ ಎಂಬ ಸಾಲನ್ನು ಪುಟ ಬರೆಯುವವರೇ ಕಾಯಬೇಕಿತ್ತು.

ಕಾಮನ್‌ಜೆಎಸ್ ಮತ್ತು ನೋಡ್

2009ರ ಜನವರಿಯಲ್ಲಿ ಮೊಜಿಲ್ಲಾದ ಕೆವಿನ್ ಡ್ಯಾಂಗೂರ್ ಬ್ರೌಸರ್‌ನ ಹೊರಗೂ ಜಾವಾಸ್ಕ್ರಿಪ್ಟ್ ಬಳಸುವವರನ್ನು ಒಟ್ಟುಗೂಡಿಸಿ ಸರ್ವರ್‌ಜೆಎಸ್ ಎಂಬ ಯೋಜನೆ ಆರಂಭಿಸಿದರು. ಅದೇ ವರ್ಷ ಅದರ ಹೆಸರು ಕಾಮನ್‌ಜೆಎಸ್ ಎಂದಾಯಿತು. ಆ ನವೆಂಬರ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ರಯಾನ್ ಡಾಲ್ ತೋರಿಸಿದ, ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಈ ಮಾಡ್ಯೂಲ್ ಕ್ರಮವನ್ನೇ ಎತ್ತಿಕೊಂಡಿತು. 2010ರಲ್ಲಿ ಎನ್‌ಪಿಎಂ ಬಂದು ಪ್ಯಾಕೇಜ್‌ಗಳ ವಿನಿಮಯ ಶುರುವಾದ ಮೇಲೆ ಅದು ಜಗತ್ತಿನೆಲ್ಲೆಡೆ ಹರಡಿತು.

ಇಲ್ಲಿನ ಕ್ರಮ ಸರಳ. ಪ್ರತಿ ಫೈಲಿಗೂ ‘ಮಾಡ್ಯೂಲ್’ ಎಂಬ ಆಬ್ಜೆಕ್ಟ್ ಸಿಗುತ್ತದೆ. ಅದರ ‘ಎಕ್ಸ್‌ಪೋರ್ಟ್ಸ್’ ಎಂಬ ಗೂಡಿನಲ್ಲಿ ಏನಿಟ್ಟರೆ ಅದು ರಫ್ತು. ಇನ್ನೊಂದು ಫೈಲು ‘ರಿಕ್ವೈರ್’ ಎಂಬ ಫಂಕ್ಷನ್ ಕರೆದರೆ ಆ ಗೂಡಿನಲ್ಲಿರುವುದು ಅದರ ಕೈಗೆ ಬರುತ್ತದೆ. ಒಳಗೆ ನಡೆಯುವುದು ಹಳೆಯ ಉಪಾಯವೇ. ನೋಡ್ ಪ್ರತಿ ಫೈಲನ್ನೂ ಐದು ಪ್ಯಾರಾಮೀಟರ್‌ಗಳ ಒಂದು ಫಂಕ್ಷನ್ನಿನಲ್ಲಿ ಸುತ್ತಿ ಓಡಿಸುತ್ತದೆ. ಎಕ್ಸ್‌ಪೋರ್ಟ್ಸ್, ರಿಕ್ವೈರ್, ಮಾಡ್ಯೂಲ್, ಫೈಲಿನ ಹೆಸರು, ಫೋಲ್ಡರಿನ ಹೆಸರು ಆ ಐದು. ಒಮ್ಮೆ ಓಡಿದ ಫೈಲಿನ ಫಲಿತಾಂಶವನ್ನು ನೆನಪಿಟ್ಟುಕೊಳ್ಳುವುದರಿಂದ ಎಷ್ಟು ಕಡೆ ಕರೆದರೂ ಅದು ಮತ್ತೆ ಓಡುವುದಿಲ್ಲ.

ಹೊಸಬರು ಎಡವುವ ಜಾಗ ಈ ಸುತ್ತುವಿಕೆಯಲ್ಲೇ ಇದೆ. ಎಕ್ಸ್‌ಪೋರ್ಟ್ಸ್ ಎಂಬುದು ಆ ಗೂಡಿಗೆ ಇಟ್ಟ ಇನ್ನೊಂದು ಹೆಸರು ಮಾತ್ರ. ಎಕ್ಸ್‌ಪೋರ್ಟ್ಸ್‌ಗೆ ಸರಳಬಡ್ಡಿ ಎಂಬ ಹೆಸರಿನಲ್ಲಿ ಫಂಕ್ಷನ್ ಸೇರಿಸಿದರೆ ಸರಿಯಾಗಿ ರಫ್ತಾಗುತ್ತದೆ. ಆದರೆ ಎಕ್ಸ್‌ಪೋರ್ಟ್ಸ್ ಸಮ ಫಂಕ್ಷನ್ ಎಂದು ಬರೆದರೆ ಆ ಹೆಸರು ಹೊಸ ವಸ್ತುವಿನತ್ತ ತಿರುಗುತ್ತದೆ, ಗೂಡು ಖಾಲಿಯಾಗಿಯೇ ಉಳಿಯುತ್ತದೆ. ತರಿಸಿಕೊಂಡವರಿಗೆ ಸಿಗುವುದು ಬರೀ ಆಬ್ಜೆಕ್ಟ್. ಅದನ್ನು ಫಂಕ್ಷನ್ ಎಂದು ಕರೆಯಹೋದಾಗಲಷ್ಟೇ ‘ಇದು ಫಂಕ್ಷನ್ ಅಲ್ಲ’ ಎಂಬ ದೋಷ ಬರುತ್ತದೆ, ಅದೂ ತಪ್ಪು ನಡೆದ ಫೈಲಿನಲ್ಲಲ್ಲ, ಕರೆದವರ ಫೈಲಿನಲ್ಲಿ. ಒಂದೇ ಫಂಕ್ಷನ್ ರಫ್ತು ಮಾಡುವಾಗ ಮಾಡ್ಯೂಲ್‌ನ ಎಕ್ಸ್‌ಪೋರ್ಟ್ಸ್ ಎಂಬ ಪೂರ್ಣ ದಾರಿ ಹಿಡಿದೇ ಬರೆಯಬೇಕು.

ರಿಕ್ವೈರ್ ಫೈಲನ್ನು ಕೂಡಲೇ ಓದಿ ಮುಗಿಸುತ್ತದೆ. ಸರ್ವರಿನ ಡಿಸ್ಕಿನಿಂದ ಓದುವಾಗ ಇದರಿಂದ ತೊಂದರೆಯಿಲ್ಲ. ನೆಟ್‌ವರ್ಕಿನಾಚೆಯಿಂದ ಫೈಲು ತರಿಸುವ ಬ್ರೌಸರ್‌ಗೆ ಮಾತ್ರ ಅಷ್ಟು ಹೊತ್ತು ಕೈಕಟ್ಟಿ ಕೂರಲಾಗದು. ಅದಕ್ಕಾಗಿ ಎಎಂಡಿ ಎಂಬ ಬೇರೆ ಕ್ರಮವೂ ಅದನ್ನು ಜಾರಿಗೆ ತಂದ ರಿಕ್ವೈರ್‌ಜೆಎಸ್ ಲೈಬ್ರರಿಯೂ ಬಂದವು. 2011ರ ಬ್ರೌಸರಿಫೈ, ಆಮೇಲಿನ ವೆಬ್‌ಪ್ಯಾಕ್ ಮುಂತಾದ ಬಂಡ್ಲರ್‌ಗಳು ನೂರಾರು ಫೈಲುಗಳನ್ನು ಮೊದಲೇ ಒಂದಾಗಿ ಕಟ್ಟಿ ಬ್ರೌಸರ್‌ಗೆ ಕಳಿಸುವ ದಾರಿ ಹಿಡಿದವು. ಒಂದೇ ಲೈಬ್ರರಿ ಎಲ್ಲ ಕಡೆಯೂ ನಡೆಯಲೆಂದು ಜಾಗತಿಕ ಹೆಸರು, ಕಾಮನ್‌ಜೆಎಸ್, ಎಎಂಡಿ ಎಂಬ ಮೂರು ಬಗೆಯ ರಫ್ತನ್ನೂ ಒಂದರೊಳಗೊಂದು ತುರುಕಿದ ಗೋಜಲು ಶಿರೋಲೇಖಗಳನ್ನು ಆ ವರ್ಷಗಳ ಫೈಲುಗಳಲ್ಲಿ ಈಗಲೂ ನೋಡಬಹುದು.

ಭಾಷೆಯೊಳಗೆ ಬಂದ ರಫ್ತು

ಜಾವಾಸ್ಕ್ರಿಪ್ಟ್‌ನ ಅಧಿಕೃತ ಮಾನಕದ ಹೆಸರು ಎಕ್ಮಾಸ್ಕ್ರಿಪ್ಟ್. 2015ರ ಜೂನ್‌ನಲ್ಲಿ ಪ್ರಕಟವಾದ ಅದರ ಆರನೆಯ ಆವೃತ್ತಿ ಎಕ್ಸ್‌ಪೋರ್ಟ್, ಇಂಪೋರ್ಟ್ ಎಂಬ ಎರಡು ಪದಗಳಿಗೆ ಭಾಷೆಯಲ್ಲೇ ಜಾಗ ಕೊಟ್ಟಿತು. ಡೇವ್ ಹರ್ಮನ್ ಮತ್ತು ಸ್ಯಾಮ್ ಟೋಬಿನ್-ಹಾಕ್‌ಸ್ಟಾಟ್ ಈ ಭಾಗದ ಮುಖ್ಯ ರೂವಾರಿಗಳು. ಈಗ ಫಂಕ್ಷನ್ ಎಂಬ ಪದದ ಹಿಂದೆ ಎಕ್ಸ್‌ಪೋರ್ಟ್ ಎಂದು ಬರೆದರೆ ಸಾಕು, ಸರಳಬಡ್ಡಿ ರಫ್ತಾಗುತ್ತದೆ. ಅಥವಾ ಫೈಲಿನ ಕೊನೆಯಲ್ಲಿ ಒಂದೇ ಕಡೆ ಪುಷ್ಪಾವರಣದೊಳಗೆ ಹೆಸರುಗಳ ಪಟ್ಟಿ ಕೊಡಬಹುದು. ಅಲ್ಲಿ ‘ಆ್ಯಸ್’ ಎಂಬ ಪದದಿಂದ ಒಳಗಿನ ಹೆಸರು ಒಂದು, ಹೊರಗಿನ ಹೆಸರು ಇನ್ನೊಂದು ಎಂದು ಮಾಡಲೂಬಹುದು. ಪಟ್ಟಿಯ ಕ್ರಮವೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಓದುವವರು ಫೈಲಿನ ತಳಕ್ಕೆ ಹೋದರೆ ಆ ಮಾಡ್ಯೂಲ್ ಯಾವುದಕ್ಕೆ ಹೊಣೆ ಹೊತ್ತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕಾಮನ್‌ಜೆಎಸ್‌ಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಬರವಣಿಗೆಯದಲ್ಲ, ಕಾಲದ್ದು. ಕಾಮನ್‌ಜೆಎಸ್‌ನಲ್ಲಿ ಕೋಡ್ ಓಡಿದ ಮೇಲಷ್ಟೇ ಗೂಡಿನಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಎಕ್ಸ್‌ಪೋರ್ಟ್ ಸಾಲು ಫೈಲಿನ ಹೊರ ಅಂಗಳದಲ್ಲೇ ಇರಬೇಕು, ಷರತ್ತಿನೊಳಗೆ ಅಥವಾ ಬೇರೊಂದು ಫಂಕ್ಷನ್ನಿನೊಳಗೆ ಇರುವಂತಿಲ್ಲ. ಹಾಗಾಗಿ ಒಂದು ಸಾಲೂ ಓಡುವ ಮೊದಲೇ ಎಂಜಿನ್ ಎಲ್ಲ ಫೈಲುಗಳನ್ನು ಓದಿ ಯಾರು ಏನು ಕೊಡುತ್ತಾರೆ, ಯಾರು ಏನು ಕೇಳುತ್ತಾರೆ ಎಂದು ಗಂಟು ಹಾಕುತ್ತದೆ. ಚಕ್ರಬಡ್ಡಿ ಎಂದು ಕೇಳುವ ಬದಲು ಚಕ್ರಬಡಿ ಎಂದು ಕೇಳಿದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಕಾಮನ್‌ಜೆಎಸ್‌ನಲ್ಲಿ ಅದೇ ತಪ್ಪು ‘ಅನ್‌ಡಿಫೈನ್ಡ್’ ಆಗಿ ಒಳಗೆ ನುಸುಳಿ, ಯಾರೋ ಗ್ರಾಹಕ ಆ ಲೆಕ್ಕ ಕೇಳುವವರೆಗೂ ತಣ್ಣಗೆ ಕೂತಿರುತ್ತಿತ್ತು.

ಗಂಟು ಮೊದಲೇ ಬೀಳುವುದರಿಂದ ಇನ್ನೊಂದು ಲಾಭವಿದೆ. ಯಾರೂ ಕೇಳದ ಫಂಕ್ಷನ್‌ಗಳನ್ನು ಬಂಡ್ಲರ್ ಉದುರಿಸಿಬಿಡಬಹುದು. 2015ರಲ್ಲಿ ರಿಚ್ ಹ್ಯಾರಿಸ್ ಅವರ ರೋಲಪ್ ಇದನ್ನು ಜನಪ್ರಿಯಗೊಳಿಸಿತು, ‘ಟ್ರೀ ಶೇಕಿಂಗ್’ ಎಂಬ ಹೆಸರೂ ಆಗ ಹಬ್ಬಿತು. ಮರ ಅಲುಗಿಸಿದರೆ ಒಣಗಿದ ಎಲೆಗಳು ಬೀಳುವ ಹಾಗೆ. ನೂರು ಫಂಕ್ಷನ್‌ಗಳನ್ನು ಒಂದೇ ಆಬ್ಜೆಕ್ಟಿನಲ್ಲಿಟ್ಟು ರಫ್ತು ಮಾಡಿದರೆ ಈ ಉದುರಿಸುವಿಕೆ ಕಷ್ಟ, ಪ್ರತಿಯೊಂದನ್ನೂ ಅದರದೇ ಹೆಸರಿನಲ್ಲಿ ಕೊಟ್ಟರೆ ಸುಲಭ.

ಹೊರಗೆ ಹೋಗುವುದು ಮೌಲ್ಯದ ನಕಲಲ್ಲ, ಹೆಸರಿನ ಜೀವಂತ ಕೊಂಡಿ. ಕೊಟ್ಟ ಮಾಡ್ಯೂಲ್ ಆ ಹೆಸರಿಗೆ ಬೇರೆ ಮೌಲ್ಯ ಇಟ್ಟರೆ ತರಿಸಿಕೊಂಡವರಿಗೂ ಹೊಸದೇ ಕಾಣುತ್ತದೆ. ಆದರೆ ತರಿಸಿಕೊಂಡವರು ಅದನ್ನು ಬದಲಿಸುವಂತಿಲ್ಲ. ಹಿಂದೆ ಪರೀಕ್ಷೆಯ ಕೋಡ್ ಬರೆಯುವವರು ಕಾಮನ್‌ಜೆಎಸ್ ಗೂಡಿನೊಳಗಿನ ಫಂಕ್ಷನ್ ತೆಗೆದು ಆ ಜಾಗದಲ್ಲಿ ನಕಲಿಯೊಂದನ್ನು ಇಡುತ್ತಿದ್ದರು. ಹೊಸ ಕ್ರಮಕ್ಕೆ ಬಂದಾಗ ಆ ದಾರಿ ಮುಚ್ಚಿಹೋಗಿ ಬಹಳ ಜನ ತಮ್ಮ ಪರೀಕ್ಷೆಗಳನ್ನು ಮತ್ತೆ ಬರೆಯಬೇಕಾಯಿತು.

ಎರಡು ಮಾಡ್ಯೂಲ್‌ಗಳು ಒಂದನ್ನೊಂದು ತರಿಸಿಕೊಂಡಾಗ ಫಂಕ್ಷನ್‌ಗಳಿಗೆ ಒಂದು ವಿಶೇಷ ಸೌಲಭ್ಯವಿದೆ. ಫಂಕ್ಷನ್ ಎಂಬ ಪದದಿಂದ ಘೋಷಿಸಿದ್ದು ಗಂಟು ಹಾಕುವ ಹಂತದಲ್ಲೇ ಸಿದ್ಧವಾಗಿರುತ್ತದೆ. ಹಾಗಾಗಿ ಮೊದಲ ಮಾಡ್ಯೂಲ್ ಇನ್ನೂ ಓಡದಿದ್ದರೂ ಎರಡನೆಯದು ಅದರ ಫಂಕ್ಷನ್ನನ್ನು ಕರೆಯಬಹುದು. ಅದೇ ಫಂಕ್ಷನ್ನನ್ನು ‘ಕಾನ್‌ಸ್ಟ್’ ಹೆಸರಿಗೆ ಬಾಣದ ಗುರುತಿನಿಂದ ಬರೆದು ಕಟ್ಟಿದ್ದರೆ ಆ ಸಾಲು ಓಡುವವರೆಗೆ ಹೆಸರು ಖಾಲಿ, ಮುಟ್ಟಿದರೆ ದೋಷ. ಎರಡೂ ಒಂದೇ ಎಂದು ತಿಳಿದು ಬರೆಯುವವರಿಗೆ ಈ ವ್ಯತ್ಯಾಸ ಕಾಣುವುದು ಇಂಥ ವರ್ತುಲದೊಳಗೆ ಸಿಕ್ಕಿಕೊಂಡಾಗ.

ಹೆಸರಿಲ್ಲದ ರಫ್ತು

ನೋಡ್ ಲೋಕದಲ್ಲಿ ಒಂದು ಮಾಡ್ಯೂಲ್ ಎಂದರೆ ಒಂದೇ ಫಂಕ್ಷನ್ ಎಂಬ ರೂಢಿ ಆಗಲೇ ಬೆಳೆದಿತ್ತು. ಅದಕ್ಕೆ ಹೊಂದುವಂತೆ ಹೊಸ ಕ್ರಮದಲ್ಲಿ ‘ಡೀಫಾಲ್ಟ್’ ರಫ್ತು ಸೇರಿತು. ಪ್ರತಿ ಮಾಡ್ಯೂಲ್‌ಗೆ ಒಂದೇ ಡೀಫಾಲ್ಟ್. ತರಿಸಿಕೊಳ್ಳುವವರು ಅದಕ್ಕೆ ತಮಗಿಷ್ಟವಾದ ಹೆಸರಿಡಬಹುದು. ತೊಂದರೆ ಇಲ್ಲೇ: ಒಂದೇ ಫಂಕ್ಷನ್ ಒಂದು ಫೈಲಿನಲ್ಲಿ ಬಡ್ಡಿ, ಇನ್ನೊಂದರಲ್ಲಿ ಬಡ್ಡಿಲೆಕ್ಕ, ಮತ್ತೊಂದರಲ್ಲಿ ಸಾಲ ಎಂದು ಓಡಾಡುತ್ತದೆ, ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಈ ಬಗ್ಗೆ ದೊಡ್ಡ ಕಂಪನಿಗಳಲ್ಲೂ ಒಮ್ಮತವಿಲ್ಲ. ಗೂಗಲ್‌ನ ಜಾವಾಸ್ಕ್ರಿಪ್ಟ್ ಶೈಲಿಕೈಪಿಡಿ ಡೀಫಾಲ್ಟ್ ರಫ್ತು ಬೇಡ ಎನ್ನುತ್ತದೆ. ಏರ್‌ಬಿಎನ್‌ಬಿಯ ಕೈಪಿಡಿ, ಒಂದೇ ರಫ್ತಿದ್ದರೆ ಡೀಫಾಲ್ಟ್ ಇರಲಿ ಎನ್ನುತ್ತದೆ. ಹತ್ತು ಜನ ಸೇರಿ ವರ್ಷಗಟ್ಟಲೆ ಸಾಕುವ ಕೋಡ್‌ನಲ್ಲಿ ಗೂಗಲ್‌ನ ದಾರಿಯೇ ಸರಿ. ಹೆಸರು ಇಡುವ ಹಕ್ಕು ಬರೆದವರದು, ಅದು ಎಲ್ಲೆಡೆ ಒಂದೇ ಆಗಿದ್ದರೆ ಓದುವವರಿಗೆ ನೆಮ್ಮದಿ.

ಬೇರೆ ಮಾಡ್ಯೂಲ್‌ನಿಂದ ಬಂದದ್ದನ್ನು ನಕ್ಷತ್ರ ಚಿಹ್ನೆಯಿಂದ ಸಗಟಾಗಿ ಮರುರಫ್ತು ಮಾಡಲೂ ಅವಕಾಶವಿದೆ. ಆಗ ಡೀಫಾಲ್ಟ್ ಮಾತ್ರ ಹಿಂದೆ ಉಳಿಯುತ್ತದೆ. ಎರಡು ಮಾಡ್ಯೂಲ್‌ಗಳಿಂದ ಹೀಗೆ ಒಂದೇ ಹೆಸರಿನ ಬೇರೆ ಬೇರೆ ಫಂಕ್ಷನ್‌ಗಳು ಬಂದರೆ ಎರಡೂ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಯಾರಾದರೂ ಆ ಹೆಸರನ್ನೇ ಕೇಳಿದಾಗ ದೋಷ ಹೊರಬೀಳುತ್ತದೆ.

ಪ್ಯಾಕೇಜಿನ ಹೊಸ್ತಿಲು

ಬ್ರೌಸರ್‌ಗಳಲ್ಲಿ ಸಫಾರಿ 2017ರ ವಸಂತದಲ್ಲಿ, ಕ್ರೋಮ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2018ರ ಮೇನಲ್ಲಿ ಹೊಸ ಮಾಡ್ಯೂಲ್‌ಗಳನ್ನು ಒಪ್ಪಿಕೊಂಡವು. ನೋಡ್‌ಗೆ ಇನ್ನೂ ಹೊತ್ತು ಹಿಡಿಯಿತು. ಲಕ್ಷಾಂತರ ಪ್ಯಾಕೇಜ್‌ಗಳು ಹಳೆಯ ಕ್ರಮದಲ್ಲಿದ್ದವು, ಎರಡೂ ಕ್ರಮಗಳು ಒಂದೇ ಮನೆಯಲ್ಲಿ ಬಾಳಬೇಕಿತ್ತು. 2019ರ ನವೆಂಬರ್‌ನ 13.2 ಆವೃತ್ತಿಯಲ್ಲಿ ವಿಶೇಷ ಸೂಚನೆ ಇಲ್ಲದೆಯೇ ಹೊಸ ಕ್ರಮ ನಡೆಯತೊಡಗಿತು. ಹಳೆಯ ರಿಕ್ವೈರ್‌ನಿಂದಲೇ ಹೊಸ ಮಾಡ್ಯೂಲ್ ತರಿಸಿಕೊಳ್ಳುವುದು ಸಹಜವಾಗಿ ಸಾಧ್ಯವಾದದ್ದು 2024ರ ಅಕ್ಟೋಬರ್‌ನ 23.0ರಲ್ಲಿ.

ಇದೇ ಅವಧಿಯಲ್ಲಿ ನೋಡ್ ಪ್ಯಾಕೇಜ್ ವಿವರಪಟ್ಟಿಗೆ ‘ಎಕ್ಸ್‌ಪೋರ್ಟ್ಸ್’ ಎಂಬ ಅಂಕಣ ಸೇರಿಸಿತು. ಫೈಲು ತನ್ನ ಫಂಕ್ಷನ್ನನ್ನು ರಫ್ತು ಮಾಡಿದ್ದರೂ ಆ ಫೈಲಿನ ದಾರಿ ಈ ಅಂಕಣದಲ್ಲಿಲ್ಲದಿದ್ದರೆ ಪ್ಯಾಕೇಜಿನ ಹೊರಗಿನವರು ಅದನ್ನು ತಲುಪಲಾರರು. ಹೀಗೆ ಒಳಮನೆಗೊಂದು, ಬೀದಿಬಾಗಿಲಿಗೊಂದು ಎಂದು ಎರಡು ಹೊಸ್ತಿಲುಗಳಾದವು. ಈ ಅಂಕಣ ಸೇರಿಸಿದ ಕೂಡಲೇ, ಅದುವರೆಗೆ ಒಳಫೈಲುಗಳಿಗೆ ನೇರ ಕೈಹಾಕುತ್ತಿದ್ದವರ ಕೋಡ್ ನಿಂತುಹೋದ ಪ್ರಸಂಗಗಳು ಹಲವು. ಹೇಳದೇ ಕೊಟ್ಟದ್ದೂ ಬಳಕೆಯಿಂದ ಕೊಟ್ಟ ಮಾತೇ ಆಗಿಬಿಟ್ಟಿತ್ತು.

ಕೊಟ್ಟದ್ದನ್ನು ಹಿಂದೆ ಪಡೆದರೆ ಏನಾಗುತ್ತದೆ ಎಂಬುದಕ್ಕೆ 2016ರ ಮಾರ್ಚ್‌ನ ಲೆಫ್ಟ್-ಪ್ಯಾಡ್ ಪ್ರಕರಣ ಪ್ರಸಿದ್ಧ. 11 ಸಾಲಿನ ಆ ಮಾಡ್ಯೂಲ್ ರಫ್ತು ಮಾಡುತ್ತಿದ್ದದ್ದು ಒಂದೇ ಫಂಕ್ಷನ್: ಅಕ್ಷರಸಾಲಿನ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಗಳನ್ನೋ ತುಂಬಿ ಬೇಕಾದ ಉದ್ದಕ್ಕೆ ತರುವುದು. ಅದರ ಕರ್ತೃ ತನ್ನ ಪ್ಯಾಕೇಜ್‌ಗಳನ್ನು ಎನ್‌ಪಿಎಂನಿಂದ ಹಿಂದೆಗೆದುಕೊಂಡಾಗ, ಅದನ್ನು ನೇರವಾಗಿಯೋ ಮತ್ತೊಂದರ ಮೂಲಕವೋ ನೆಚ್ಚಿದ್ದ ಬೇಬಲ್‌ನಂಥ ದೊಡ್ಡ ಯೋಜನೆಗಳೂ ಇನ್‌ಸ್ಟಾಲ್ ಆಗದೆ ನಿಂತವು. ಎನ್‌ಪಿಎಂ ಆ ಪ್ಯಾಕೇಜನ್ನು ಮತ್ತೆ ತಂದಿಟ್ಟಿತು, ಪ್ರಕಟಿತ ಪ್ಯಾಕೇಜ್ ಹಿಂದೆ ಪಡೆಯುವ ನಿಯಮವನ್ನೂ ಬಿಗಿಗೊಳಿಸಿತು. 2017ರ ಎಕ್ಮಾಸ್ಕ್ರಿಪ್ಟ್‌ನಲ್ಲಿ ಆ ಕೆಲಸಕ್ಕೆ ‘ಪ್ಯಾಡ್‌ಸ್ಟಾರ್ಟ್’ ಎಂಬ ಫಂಕ್ಷನ್ ಭಾಷೆಯಲ್ಲೇ ಬಂತು.

ನೆರೆಯ ಭಾಷೆಗಳು

ಪರ್ಲ್‌ನಲ್ಲಿ ರಫ್ತಿನ ಕೆಲಸ ಎಕ್ಸ್‌ಪೋರ್ಟರ್ ಎಂಬ ಮಾಡ್ಯೂಲ್‌ನದು. ಕೇಳದೆಯೇ ಕೊಡುವ ಹೆಸರುಗಳಿಗೆ ಒಂದು ಪಟ್ಟಿ, ಕೇಳಿದರೆ ಮಾತ್ರ ಕೊಡುವವಕ್ಕೆ ಇನ್ನೊಂದು. ಮೊದಲನೆಯದನ್ನು ಆದಷ್ಟು ಖಾಲಿ ಇಡಿ ಎಂಬುದು ಅಲ್ಲಿನ ಹಿರಿಯರ ಬುದ್ಧಿಮಾತು. ಪೈಥಾನ್‌ನಲ್ಲಿ ಗೋಡೆಯೇ ಇಲ್ಲ. ಅಂಡರ್‌ಸ್ಕೋರಿನಿಂದ ಶುರುವಾಗುವ ಹೆಸರನ್ನು ಹೊರಗಿನವರು ಮುಟ್ಟಬಾರದು ಎಂಬ ಸಂಪ್ರದಾಯವಷ್ಟೇ. ಅಲ್ಲಿನ ‘ಆಲ್’ ಎಂಬ ಪಟ್ಟಿ ನಕ್ಷತ್ರದಿಂದ ಸಗಟಾಗಿ ತರಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಲುವಾದಲ್ಲಿ ಮಾಡ್ಯೂಲ್ ಒಂದು ಟೇಬಲ್ ಹಿಂದಿರುಗಿಸುತ್ತದೆ, ಜಾವಾಸ್ಕ್ರಿಪ್ಟ್‌ನ ಹಳೆಯ ಉಪಾಯದ ಹಾಗೆಯೇ. ಪವರ್‌ಶೆಲ್‌ನಲ್ಲಿ ಏನೂ ಹೇಳದಿದ್ದರೆ ಎಲ್ಲ ಫಂಕ್ಷನ್‌ಗಳೂ ಹೊರಗೆ ಹೋಗುತ್ತವೆ. ‘ಎಕ್ಸ್‌ಪೋರ್ಟ್-ಮಾಡ್ಯೂಲ್‌ಮೆಂಬರ್’ ಎಂಬ ಸಾಲು ಬರೆದರೆ ಅದರಲ್ಲಿ ಹೆಸರಿಸಿದವು ಮಾತ್ರ.

ಬ್ಯಾಷ್‌ನ ರಫ್ತು ಬೇರೆಯೇ ಬಗೆಯದು. ಅಲ್ಲಿ ಫಂಕ್ಷನ್ ರಫ್ತಾಗುವುದು ಮರಿ ಪ್ರಕ್ರಿಯೆಗೆ, ಎನ್ವಿರಾನ್‌ಮೆಂಟ್ ವೇರಿಯೇಬಲ್ ಒಂದರಲ್ಲಿ ಪಠ್ಯವಾಗಿ. ಆ ಪಠ್ಯವನ್ನು ಓದುವಾಗ ಫಂಕ್ಷನ್ ಮುಗಿದ ಮೇಲೆ ಅಂಟಿಸಿದ ಆಜ್ಞೆಗಳನ್ನೂ ಬ್ಯಾಷ್ ಓಡಿಸಿಬಿಡುತ್ತಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಬಯಲಾದ ಶೆಲ್‌ಶಾಕ್ ಎಂಬ ಗಂಭೀರ ಭದ್ರತಾ ದೋಷದ ಬೇರು ಇದೇ.

ಕನ್ನಡದ ಹೆಸರುಗಳು

ಈ ಲೇಖನದ ಉದಾಹರಣೆಗಳು ಬರೀ ವಿವರಣೆಗಾಗಿ ಕಟ್ಟಿದವಲ್ಲ. ಎಕ್ಸ್‌ಪೋರ್ಟ್, ಫಂಕ್ಷನ್ ಮುಂತಾದ ಭಾಷೆಯ ಪದಗಳು ರೋಮನ್ ಲಿಪಿಯಲ್ಲೇ ಇರಬೇಕಾದರೂ ನಾವಿಡುವ ಹೆಸರುಗಳು ಯೂನಿಕೋಡ್‌ನ ಯಾವ ಲಿಪಿಯ ಅಕ್ಷರಗಳಲ್ಲಾದರೂ ಇರಬಹುದು. ಸರಳಬಡ್ಡಿ ಎಂಬ ಫಂಕ್ಷನ್ನನ್ನು ಕನ್ನಡದಲ್ಲೇ ಬರೆದು ರಫ್ತು ಮಾಡಿದರೆ ಇಂದಿನ ಬ್ರೌಸರ್ ಹಾಗೇ ಓಡಿಸುತ್ತದೆ. ಮಕ್ಕಳಿಗೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸುವವರಿಗೆ ಇದು ನಿಜವಾದ ಅನುಕೂಲ.

ಆದರೆ ಹೆಸರುಗಳನ್ನು ಹೋಲಿಸುವಾಗ ಜಾವಾಸ್ಕ್ರಿಪ್ಟ್ ನೋಡುವುದು ಅಕ್ಷರದ ರೂಪವನ್ನಲ್ಲ, ಅದರ ಹಿಂದಿನ ಸಂಕೇತಸಂಖ್ಯೆಗಳನ್ನು. ಕೊನೆಕಂತು ಎಂಬುದರಲ್ಲಿನ ‘ಕೊ’ವನ್ನು ಕಕಾರದ ಮುಂದೆ ಒತ್ವದ ಒಂದೇ ಸಂಕೇತ ಇಟ್ಟೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಎರಡನೆಯ ರೂಪ ನುಸುಳಬಹುದು. ಒಬ್ಬರು ಒಂದು ರೂಪದಲ್ಲಿ ರಫ್ತು ಮಾಡಿ ಇನ್ನೊಬ್ಬರು ಇನ್ನೊಂದರಲ್ಲಿ ಕೇಳಿದರೆ, ಕಣ್ಣಿಗೆ ಕಾಣುವ ಹೆಸರು ಅಲ್ಲೇ ಇದ್ದರೂ ಅಂಥ ರಫ್ತು ಇಲ್ಲ ಎಂದು ಎಂಜಿನ್ ಹೇಳುತ್ತದೆ. ಪೈಥಾನ್ 3 ಹೆಸರುಗಳನ್ನು ಓದುವಾಗಲೇ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಕೆಲಸ ಬರೆಯುವವರ ಪಾಲಿಗೆ ಬರುತ್ತದೆ: ಫೈಲು ಉಳಿಸುವಾಗ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ತುದಿಗೆ ಕೆಲವು ಕೀಲಿಮಣೆಗಳು ಅಂಟಿಸುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಸಂಕೇತವನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ. ಹೆಸರಿನೊಳಗೆ ಆ ಸಂಕೇತಕ್ಕೆ ಭಾಷೆಯ ಅನುಮತಿಯೂ ಇರುವುದರಿಂದ ಅದನ್ನು ಬೇರೆಯಾಗಿ ಹುಡುಕಿ ಅಳಿಸಬೇಕು.